ಕೊಟ್ರಬಸಪ್ಪನ ಕೊಂಬಿನ ಸೈಕಲ್ಲು
ಹೊನ್ನಾಳಿಯ ಹಮಾಲ ಕೊಟ್ರಬಸಪ್ಪ ನಲವತ್ತೈದರ ವಯಸ್ಸಿನಲ್ಲಿ ದಾವಣಗೆರೆಯ ದೊಡ್ಡ ಅಂಗಡಿಯಿಂದ ತಂದ ಸೈಕಲ್ಲಿಗೆ ಹೋರಿಯ ಕೊಂಬಿನಂಥ ಎತ್ತರದ ಹ್ಯಾಂಡಲ್ಲು, ರೊಟ್ಟಿಯಗಲದ ಮುಂದಿನ ಗಾಲಿ, ಒಬ್ಬರು ಮಲಗಿ ನಿದ್ದೆ ಮಾಡಬಹುದಾದಷ್ಟು ಉದ್ದದ ಸೀಟು. ಬೆಳಿಗ್ಗೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಕೈಗಂಟಿದ್ದನ್ನು ತಲೆಗೆ ಸವರಿಕೊಂಡು, ನೂರು ಹೆಜ್ಜೆ ದೂರದ ಅಕ್ಕಿ ಗಿರಣಿಗೆ ಇಡೀ ಊರು ಸುತ್ತಿಯೇ ಹೋಗುವನು. ಅದರ ಮೇಲೆ ಕೂತನೆಂದರೆ ದಾರಿಗಡ್ಡ ನಿಂತ ಎಮ್ಮೆಗೂ "ಸ್ವಲ್ಪ ಸರೀರಿ" ಎನ್ನುವಷ್ಟು ಗತ್ತಿನ ಮರ್ಯಾದೆ. ಹೆಂಡತಿ ಪ್ರೇಮಮ್ಮ "ಮಗಳ ಮದುವೆ ಮಾಡೋ ವಯಸ್ಸಿನಾಗೆ ಇದೇನು ಹುಡುಗಾಟ?" ಎಂದು ಬೈಯುತ್ತಲೇ ಹಿಂದೆ ಹತ್ತಿ ಕೂರುವಳು. ಯಾರೇ ಎದುರಾದರೂ ಗಕ್ಕನೆ ಬ್ರೇಕು. ಮೊದಲು ಅವರ ಚಪ್ಪಲಿ ನೋಡುವನು, ಆಮೇಲೆ ಮುಖ. ಸೈಕಲ್ ರಿಪೇರಿಯ ಅಮೀರ್‌ಜಾನ್ ಒಂದು ದಿನ, "ಸಾದಾ ಹ್ಯಾಂಡಲ್ ಹಾಕ್ಕೊಡ್ತೀನಿ ಅಣ್ಣಾ, ಬಗ್ಗಿ ತುಳಿದ್ರೆ ಜೋರಾಗಿ ಓಡ್ತೈತೆ" ಎಂದ. "ಬಗ್ಗಿದ್ದು ಸಾಕು ಮಾರಾಯ! ಇಪ್ಪತ್ತೈದು ವರ್ಷ ಬೆನ್ನ ಮ್ಯಾಲೆ ಚೀಲ ಹೊತ್ಕಂಡು ಊರಿನೋರ ಕಾಲಷ್ಟೇ ನೋಡೀನಿ. ಇದರ ಮ್ಯಾಲೆ ನೆಟ್ಟಗೆ ಕುಂತ್ರೆ ಮುಖ ಕಾಣ್ತಾವೆ" ಎಂದ ಕೊಟ್ರಬಸಪ್ಪ. ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಶಾಲೆಯ ಮೇಷ್ಟ್ರ ಕಾಲು ನೋಡಿ, ನಿಧಾನವಾಗಿ ತಲೆಯೆತ್ತಿ, ಬಾಯ್ತುಂಬ ನಕ್ಕ: "ಓಹೋ! ಕಿರ್ರನ್ನೋ ಚಪ್ಪಲಿಯೋರು ನೀವೇ ಏನ್ರೀ?"