ಘಾನಾದ ಅಜ್ಜಿಗೆ ಪೂರಿಗಾಲಿಯಲ್ಲಿ ಅತ್ತದ್ದು

ಆಫ್ರಿಕಾದ ವಿಡಿಯೊ ಕಲೆಯನ್ನು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಎಂಬ ಹಳ್ಳಿಯಲ್ಲಿ ತೋರಿಸುತ್ತೇನೆ ಎಂದಾಗ ನಮ್ಮ ಸಂಸ್ಥೆಯ ಕಾರ್ಯದರ್ಶಿ, 'ಬೇಲೀಲಿ ಹೋಗೋ ಓತಿಕ್ಯಾತನ್ನ ಯಾಕಮ್ಮ ಪಂಚೆಯೊಳಗೆ ಬಿಟ್ಕೊತೀಯ?' ಎಂದರು. ನಾನು ಪಂಚೆ ಉಡುವವಳಲ್ಲ. ಹಾಗಾಗಿ ಆ ಮಾತನ್ನು ಅವರಿಗೇ ಬಿಟ್ಟು ಬಂದೆ.

ಮಂಡ್ಯದ ಒಂದು ಪುಟ್ಟ ಕಲಾ ಸಂಸ್ಥೆಯಲ್ಲಿ ನನಗೆ ಕೆಲಸ. ಪ್ರೊಜೆಕ್ಟರ್ ಹೊತ್ತುಕೊಂಡು ಊರೂರಿಗೆ ಹೋಗಿ, ಜನ ಕೇಳದೇ ಇರುವುದನ್ನು ಅವರಿಗೆ ತೋರಿಸುವುದೇ ಆ ಕೆಲಸ. ಕಳೆದ ವರ್ಷ ಘಾನಾದ ಒಬ್ಬ ಕಲಾವಿದೆಯ ವಿಡಿಯೊ ಕವಿತೆ ನೋಡಿ ಮರುಳಾಗಿದ್ದೆ. ಅದರಲ್ಲಿ ಅವಳ ಅಜ್ಜಿ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ನೊಣ ಓಡಿಸುತ್ತಾಳೆ, ತೂಕಡಿಸುತ್ತಾಳೆ, ಯಾರನ್ನೋ ಬೈಯುತ್ತಾಳೆ. ಹಿನ್ನೆಲೆಯಲ್ಲಿ ಮೊಮ್ಮಗಳು ಇಂಗ್ಲಿಷಿನಲ್ಲಿ ಕವಿತೆ ಓದುತ್ತಾಳೆ. ಕೊನೆಗೆ ಬಿಳಿ ಬಟ್ಟೆ ಹೊದಿಸಿದ ದೇಹ, ಆಮೇಲೆ ಖಾಲಿ ಕುರ್ಚಿ, ಅದಾದ ಮೇಲೆ ಒಂದು ನಿಮಿಷ ಬರೀ ಕತ್ತಲು. ಸದ್ದೇ ಇಲ್ಲ.

ಕಲಾವಿದೆ ಈಗ ಇರುವುದು ಜರ್ಮನಿಯಲ್ಲಿ. ಫೋನಿನಲ್ಲಿ ಒಪ್ಪಿಗೆ ಕೊಡುವಾಗಲೇ ಕರಾರು ಹಾಕಿದಳು. ಆ ಕೊನೆಯ ನಿಮಿಷ ಯಾರೂ ತುಟಿ ಬಿಚ್ಚಬಾರದು. ಪ್ರೇಕ್ಷಕರನ್ನು ತಾನು ವಿಡಿಯೊ ಕಾಲಿನಲ್ಲಿ ನೋಡುತ್ತಿರುತ್ತೇನೆ. ಮೌನ ಕೆಟ್ಟರೆ ಮುಂದೆ ಎಲ್ಲಿಯೂ ತೋರಿಸುವಂತಿಲ್ಲ. ಮದ್ದೂರು, ಮಂಡ್ಯ ಎರಡೂ ಕಡೆ ನಾನು ಆಗಲೇ ಡಂಗುರ ಹೊಡೆದು ಆಗಿತ್ತು. ಎಲ್ಲ ಪೂರಿಗಾಲಿಯ ಮೊದಲ ಪ್ರದರ್ಶನದ ಮೇಲೆ ನಿಂತಿತು. ಮೊದಲು ಪೂರಿಗಾಲಿಯೇ ಯಾಕೆ ಎಂದರೆ, ಲಗ್ನದ ಸೀಸನ್ನಿನಲ್ಲಿ ಖಾಲಿ ಇದ್ದದ್ದು ಅಲ್ಲಿಯ ಸಮುದಾಯ ಭವನ ಮಾತ್ರ. ಕಲೆಯ ಇತಿಹಾಸದಲ್ಲಿ ಇಂಥ ಕಾರಣಗಳನ್ನು ಯಾರೂ ಬರೆಯುವುದಿಲ್ಲ.

ಕವಿತೆಯನ್ನು ಕನ್ನಡಕ್ಕೆ ತಂದವಳೂ ನಾನೇ, ಮೈಕಿನಲ್ಲಿ ಓದುವವಳೂ ನಾನೇ. ಖಾಲಿ ಕುರ್ಚಿಗೆ 'ರಿಕ್ತ ಪೀಠ' ಎಂದು ಬರೆದು ಎರಡು ದಿನ ಬೀಗಿದ್ದೆ. ಆ ಊರಿನ ಮಹಿಳಾ ಸಂಘದ ಅಧ್ಯಕ್ಷೆಗೆ ಓದಿ ತೋರಿಸಿದೆ.

'ಪೀಠ ಅಂದ್ರೆ ಸ್ವಾಮಿಗೋಳು ಕೂರೋದಾ?'

'ಅಲ್ಲ, ಕುರ್ಚಿ.'

'ಕುರ್ಚಿ ಅಂತ್ಲೇ ಅನ್ನಿ ಮತ್ತೆ.'

ಸಿಟ್ಟಿನಿಂದಲೇ ತಿದ್ದಿದೆ.

ಪ್ರದರ್ಶನದ ಸಂಜೆ ಡೈರಿಗೆ ಹಾಲು ಹಾಕಿ ಹೆಂಗಸರೆಲ್ಲ ಬಂದರು. ನಾನು ಮೇಷ್ಟ್ರ ಥರ ನಿಂತು, ಕತ್ತಲಾದಾಗ ಯಾರೂ ಮಾತಾಡಬಾರದು ಎಂದು ಮತ್ತೆ ಮತ್ತೆ ಹೇಳಿದೆ. 'ಇಲ್ಲ ಕಣಮ್ಮ, ಮಾತಾಡಾಕಿಲ್ಲ' ಎಂದು ಮಾತು ಕೊಟ್ಟರು. ಕೊಟ್ಟ ಮಾತು ಉಳಿಸಿಕೊಂಡರು ಕೂಡ. ಮಾತಾಡಲಿಲ್ಲ, ಅತ್ತರು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಮ್ಮ ಸಾವಿನ ಮನೆಗಳಲ್ಲಿ ಹಾಡಿ ಅಳುವುದರಲ್ಲಿ ಎತ್ತಿದ ಕೈ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಷ್ಟು ಹೊತ್ತೂ 'ಕೂತಲ್ಲೇ ಬೈತಾಳಲ್ಲ, ತೇಟು ನಮ್ಮತ್ತೇಯ ಕಣಮ್ಮಿ' ಎಂದು ಪಕ್ಕದವಳಿಗೆ ತಿವಿದು ನಗುತ್ತಿದ್ದಳು. ಬಿಳಿ ಬಟ್ಟೆ ಕಾಣುತ್ತಲೇ ಸೆರಗು ಮುಖಕ್ಕೆ ಬಂತು. ಕತ್ತಲಾಯಿತು. 'ಅಯ್ಯೋ ನನ್ನವ್ವಾ...' ಎಂದು ರಾಗ ಎತ್ತಿದಳು. ಭವನಕ್ಕೆ ಭವನವೇ ಜೊತೆಗೂಡಿತು. ನಮ್ಮ ಕಡೆ ಹೆಣದ ಮುಂದೆ ಸುಮ್ಮನೆ ಕೂರುವುದು ಸತ್ತವರಿಗೆ ಮಾಡುವ ಅವಮಾನ. ಅದು ಪರದೆಯ ಮೇಲಿನ ಹೆಣ ಎಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಸತ್ತದ್ದು ನಿಜವಾದ ಅಜ್ಜಿಯೇ ತಾನೇ?

ಸ್ಟ್ಯಾಂಡಿನ ಮೇಲಿದ್ದ ಫೋನಿನಲ್ಲಿ ಕಲಾವಿದೆಯ ಮುಖ ಅಲುಗಾಡಲಿಲ್ಲ. ನೆಟ್‌ವರ್ಕ್ ಕೈಕೊಟ್ಟಿರಲಿ ದೇವರೇ ಎಂದು ಬೇಡಿಕೊಂಡೆ. ಜೀವನದಲ್ಲಿ ನೆಟ್‌ವರ್ಕ್ ಹೋಗಲಿ ಎಂದು ಬೇಡಿಕೊಂಡದ್ದು ಅದೊಂದೇ ಸಲ.

ಅಳು ಇದ್ದಕ್ಕಿದ್ದಂತೆ ನಿಂತಿತು. ಮುದುಕಮ್ಮ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

'ಮೇಡಮ್ಮ, ಆಯಮ್ಮ ಏನ್ ತಿಂತಿದ್ಲು?'

'ಯಾಕಜ್ಜಿ?'

'ಏನೂ ಗೊತ್ತಿಲ್ದೆ ಎಂಗ್ ಅಳೋದು? ಬರೀ ಅವ್ವಾ ಅವ್ವಾ ಅಂತಿದ್ರೆ ಬಾಡಿಗೆಗೆ ಬಂದು ಅತ್ತಂಗಾಯ್ತದೆ. ಕೇಳಿ ಆ ಮಗೀನ.'

ನಾನು ಫೋನಿನ ಮುಂದೆ ನಿಂತು ನನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ಕ್ಷಮೆ ಕೇಳತೊಡಗಿದೆ. ಅವಳು ತಡೆದು, 'ಅವರು ಏನು ಕೇಳುತ್ತಿದ್ದಾರೆ?' ಎಂದಳು. ಹೇಳಿದೆ. 'ಬ್ರೆಡ್ಡಿನ ಜೊತೆ ಡಬ್ಬಿ ಮೀನು' ಎಂದಳು. 'ಡಾಕ್ಟರು ಬೇಡ ಎಂದ ಮೇಲೆ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದಳು.'

ಹೆಂಗಸರು ತಲೆದೂಗಿದರು. ಇದು ಅಳುವುದಕ್ಕೆ ಆಗುವಂಥ ವಿಷಯ. ಇನ್ನೇನು ಮಾಡುತ್ತಿದ್ದಳು ಎಂದು ಕೇಳಿಸಿದರು. ಗುಳಿ ತೋಡಿದ ಹಲಗೆ, ಅದರಲ್ಲಿ ಬೀಜ ಹಂಚುತ್ತಾ ಹೋಗುವ ಆಟ ಎಂದು ಅವಳು ಕೈಯಲ್ಲಿ ತೋರಿಸಿದಳು. ನಾನು ಅನುವಾದಿಸುವ ಮೊದಲೇ 'ಅಳಗುಳಿಮಣೆ!' ಎಂದು ಭವನ ಕೂಗಿತು.

'ಕಾಯಿ ಕದೀತಿದ್ಲಾ ಕೇಳಿ.'

'ಪ್ರತಿ ಆಟದಲ್ಲೂ' ಎಂದು ಕಲಾವಿದೆ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸರಕು ಸಿಕ್ಕ ಮೇಲೆ ಮುದುಕಮ್ಮನ ದನಿಯೇ ಬೇರೆಯಾಯಿತು. 'ಬಾಗ್ಲಾಕ್ಕೊಂಡು ಮೀನು ತಿಂದೋಳೆ, ಯಾವ ಬಾಗ್ಲು ತಕ್ಕೊಂಡು ಓದೆ ನನ್ನವ್ವಾ... ಕಾಯಿ ಕದ್ದು ಗೆಲ್ಲೋಳೆ, ಆಟ ಅರ್ಧಕ್ಕೆ ಬುಟ್ಟೋದೇನೆ ನನ್ನವ್ವಾ...' ನಾನು ಒಂದೊಂದು ಸಾಲನ್ನೂ ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದೆ.

ಹಾಡು ಮುಗಿಸಿ ಮುದುಕಮ್ಮ ಫೋನನ್ನೇ ನೋಡುತ್ತಾ, 'ಮಣ್ಣು ಮಾಡ್ವಾಗ ನೀನು ಚೆನ್ನಾಗಿ ಅತ್ತೇನವ್ವ?' ಎಂದಳು.

ತಾನು ಅಲ್ಲಿರಲಿಲ್ಲ ಎಂದಳು ಕಲಾವಿದೆ. ಜರ್ಮನಿಯಿಂದ ಊರಿಗೆ ಹೊರಡಲು ಬೇಕಾದ ಕಾಗದಪತ್ರ ಆಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಬಿಳಿ ಬಟ್ಟೆಯ ದೃಶ್ಯ ಅಣ್ಣ ತನ್ನ ಫೋನಿನಲ್ಲಿ ತೆಗೆದು ಕಳಿಸಿದ್ದು. 'ಆಮೇಲೂ ಅಳು ಬರಲಿಲ್ಲ. ಅದಕ್ಕೇ ಆ ಕತ್ತಲು ಇಟ್ಟೆ.'

ಕನ್ನಡದಲ್ಲಿ ಹೇಳಿದೆ. ಮುದುಕಮ್ಮ, 'ಕತ್ಲು ಮಡುಗ್ಬುಟ್ರೆ ಆಗೋಯ್ತಾ? ಅಳು ಮಗ. ನೀನು ಸುರು ಮಾಡು, ನಾವು ಸೇರ್ಕೋತೀವಿ' ಎಂದಳು.

ಅವಳು ಶುರು ಮಾಡಿದಳು. ಇಂಗ್ಲಿಷಿನಲ್ಲಲ್ಲ, ತನ್ನ ಅಜ್ಜಿಯ ಭಾಷೆಯಲ್ಲಿ. ಒಂದಕ್ಷರ ನನಗೆ ತಿಳಿಯಲಿಲ್ಲ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಇಲ್ಲಿಂದ 'ನನ್ನವ್ವಾ' ಎಂದು ಹೋಗುತ್ತಿತ್ತು. ಕೆಲಸದ ಚಟ ನೋಡಿ, ನಾನು ಮೈಕು ಹಿಡಿದು 'ಅವಳು ಬಹುಶಃ ಹೇಳುತ್ತಿರುವುದು...' ಎಂದು ಬಾಯಿ ತೆಗೆದೆ. ಅಧ್ಯಕ್ಷೆ ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು. 'ಅಳಂಗಿದ್ರೆ ಅಳಿ, ಇಲ್ದಿದ್ರೆ ಸುಮ್ಕಿರಿ.'

ಮದ್ದೂರಿನಲ್ಲಿ ತೋರಿಸಬಹುದೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ವಾರ ಅವಳೇ ಹೊಸ ಪ್ರತಿ ಕಳಿಸಿದಳು. ಖಾಲಿ ಕುರ್ಚಿಗೆ ವಿಡಿಯೊ ಮುಗಿಯುತ್ತಿತ್ತು, ಕೊನೆಯ ಆ ನಿಮಿಷ ಇರಲಿಲ್ಲ. ಫೋನು ಮಾಡಿ ಯಾಕೆ ತೆಗೆದೆ ಎಂದು ಕೇಳಿದೆ.

'ಇನ್ನು ಅದು ಬೇಡ' ಎಂದಳು. 'ಅತ್ತಾಯಿತಲ್ಲ.'