ಲಾಗ ಹಾಕುವ ಹುಳದ ಚೀಟಿ

ತಪ್ಪು ನನ್ನದೇ. ತುರುವೇಕೆರೆಯಲ್ಲಿ ಎಲ್ಲರ ದನಿಯನ್ನೂ ಅಣಕಿಸಿ ಮುಗಿದ ಮೇಲೆ, ನನಗೆ ಜೀವಶಾಸ್ತ್ರ ಕಲಿಸಿದ ಮುದಿ ಮೇಷ್ಟ್ರ ಕೈಬರಹಕ್ಕೆ ಕೈ ಹಾಕಿದೆ.

ಹುಚ್ಚೆಳ್ಳು ಹೂವಿನಲ್ಲಿ ಕೂತಿದ್ದು, ಮುಟ್ಟಿದರೆ ಲಾಗ ಹಾಕಿ ಬೀಳುವ ಕರೀ ಹುಳಗಳನ್ನು ಅವರು ಹರೆಯದಿಂದಲೂ ಕೂಡಿಟ್ಟಿದ್ದರು. ಒಂದೊಂದಕ್ಕೂ ಒಂದು ಸೂಜಿ, ಸಿಕ್ಕ ಊರು ಬರೆದ ಒಂದು ಚೀಟಿ. ಆ ಹುಳಗಳ ಪೆಟ್ಟಿಗೆಯನ್ನು ಅವರು ಕಾಲೇಜಿಗೆ ದಾನ ಕೊಡುವ ಹಿಂದಿನ ದಿನ ನಾನು ಅವರದೇ ಹಳೇ ಕಾಗದದಲ್ಲಿ, ಅವರದೇ ಅಕ್ಷರದಲ್ಲಿ ಹೊಸ ಚೀಟಿ ಬರೆದು, ಕೆಲವು ಊರುಗಳನ್ನು ಅದಲುಬದಲು ಮಾಡಿದೆ. ಹೆಸರಲ್ಲೇ ನೊಣ ಇರುವ ನೊಣವಿನಕೆರೆಗೆ ನಾಲ್ಕು ಹುಳ ಜಾಸ್ತಿ ಕೊಟ್ಟೆ.

ಗುರುತು ಹಿಡಿದು ಬೈತಾರೆ ಅಂದುಕೊಂಡಿದ್ದೆ. ಅವರ ಕಣ್ಣು ಅಷ್ಟು ಮಂಜಾಗಿದ್ದು ಗೊತ್ತಿರಲಿಲ್ಲ. ನಾನೇ ಒಪ್ಪಿಕೊಂಡೆ.

"ನೀನು ಬರೆದಿದ್ದು ಯಾವ್ಯಾವ್ದು, ತೆಗೆದಿಡಪ್ಪ" ಅಂದರು.

ಭೂತಗನ್ನಡಿ ಹಿಡಿದು ಸಂಜೆವರೆಗೂ ನೋಡಿದೆ. ಯಾವುದು ಅವರದು, ಯಾವುದು ನನ್ನದು ಅಂತ ನನಗೂ ತಿಳಿಯಲಿಲ್ಲ.

ಮೇಷ್ಟ್ರು ಪೆಟ್ಟಿಗೆ ಮುಚ್ಚಿದರು. "ಹಂಗಾದ್ರೆ ಒಂದೂ ನಂದಲ್ಲ ಬುಡು."