ಕಂಬಳಿ ಹೊದ್ದ ಮೋಟಾರು

ಅವರ ಉಗುರುಗಳ ಸಂದಿಯಲ್ಲಿ ಸದಾ ಗ್ರೀಸಿನ ಕರಿ, ಹಣೆಯ ಮೇಲೆ ಕುರಿಗಾಹಿಗಳ ದೇವರು ಬೀರೋಬಾನ ಭಂಡಾರದ ಅರಿಸಿನ. ವಳಸಂಗದಿಂದ ಸೊಲ್ಲಾಪುರಕ್ಕೆ ಮಂದಿ ಒಯ್ಯುವ ಹಳೇ ಪೆಟ್ರೋಲ್ ಗಾಡಿ ಹೊಡೆಯುತ್ತಿದ್ದ ಅವರನ್ನು ಊರೆಲ್ಲ ಮೋಟಾರ ಕಾಕಾ ಅಂತಿತ್ತು. ನಮ್ಮದು ಕುರಿ ಸಾಕುವ ಮನೆತನ. ಅದರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಾಕಾ ದಿನಾ ನನ್ನನ್ನು ತಮ್ಮ ಪಕ್ಕ ಕೂಡಿಸಿಕೊಂಡು ಸೊಲ್ಲಾಪುರಕ್ಕೆ ಒಯ್ಯುತ್ತಿದ್ದರು. ಆ ಗಾಡಿ ಇಲ್ಲದಿದ್ದರೆ ನನ್ನ ಕಾಲೇಜೂ ಇಲ್ಲ.

ಚಾವಡಿಗೆ ರೇಡಿಯೋ ಬಂತು, ತಂಟೆ ಶುರುವಾಯಿತು. ಚಾವಡಿ ಮುಂದೆ ಗಾಡಿ ಚಾಲೂ ಆದೊಡನೆ ರೇಡಿಯೋದಲ್ಲಿ ಶೇಂಗಾ ಹುರಿದಂತೆ ಕರಕರ. ಮುಂಜಾನೆಯ ಅಭಂಗದ ಭಜನೆ ಕೇಳಲು ಕೂತ ಊರ ಮುಖಂಡ ಪಾಟೀಲರು ರೇಗಿದರು: "ಅಮಾಸಿ ಒಳಗ ಈ ಕರಕರ ನಿಲ್ಲಬೇಕು. ಇಲ್ಲಂದ್ರ ಈ ಊರಾಗ ನಿನ್ನ ಗಾಡಿ ಬಂದ್!"

"ಅದರ ಗಂಟಲು ಭಾಳ ದೊಡ್ಡದೈತ್ರಿ ಪಾಟೀಲ್ರ. ಮುಚ್ಚತೀನಿ," ಎಂದ ಕಾಕಾ ನಮ್ಮ ಮನೆಯ ಕಂಬಳಿ ಇಸಕೊಂಡು ಹೋಗಿ ಬಾನೆಟ್ಟಿಗೆ ಹೊದಿಸಿದರು. ಗಾಡಿಯ ಸಪ್ಪಳ ಇಳಿಯಿತು, ರೇಡಿಯೋದ ಕರಕರ ಇಳಿಯಲಿಲ್ಲ. ಸಾಲದ್ದಕ್ಕೆ ಉಣ್ಣೆ ಸುಟ್ಟ ವಾಸನೆ.

"ಏನ್ ಕಾಕಾ, ಕುರಿ ಸುಡಾಕತ್ತೀರೇನು?" ಎಂದು ಜನ ನಕ್ಕರು.

ಅಂದಿನಿಂದ ಎಂಜಿನ್ ಹಚ್ಚದೆ, ಎಲ್ಲರೂ ಇಳಿದು ಊರ ಹೊರಗಿನ ಮೈಲಾರನ ಗುಡಿ ದಾಟುವವರೆಗೆ ಗಾಡಿ ನೂಕುವುದೇ ರಿವಾಜಾಯಿತು. ನಾನೂ ಹೆಗಲು ಕೊಟ್ಟು ನೂಕಿದೆ. ಬರಬರುತ್ತ ಬೇಸತ್ತ ಜನ ಗಾಡಿ ಹತ್ತುವುದನ್ನೇ ಬಿಟ್ಟರು. ಅಮಾವಾಸ್ಯೆ ಸಮೀಪಿಸಿದಂತೆ ನನಗೆ ಅನ್ನ ಸೇರದಾಯಿತು.

ಕಡೆಗೆ ಸೊಲ್ಲಾಪುರದ ವಿಜಾಪುರ ರಸ್ತೆಯ ರೇಡಿಯೋ ರಿಪೇರಿಯವನೊಬ್ಬ ಕಾಕಾಗೆ ತಿಳಿಸಿ ಹೇಳಿದ: ತಂಟೆ ಸಪ್ಪಳದ್ದಲ್ಲ, ಎಂಜಿನ್ ಹಚ್ಚುವ ಪ್ಲಗ್ಗಿನ ಕಿಡಿಯದು, ಕಿಡಿ ಹಾರಿದಾಗೆಲ್ಲ ಅದರ ಅಲೆ ಗಾಳಿಯಲ್ಲಿ ಬಂದು ರೇಡಿಯೋಕ್ಕೆ ಬಡಿಯುತ್ತದೆ. ವಿಲಾಯತಿನಲ್ಲಿ ಇದನ್ನು ತಡೆಯಲು ಕಾಯ್ದೆಯೇ ಇದೆಯಂತೆ. ಪ್ಲಗ್ಗಿನ ತಂತಿಗಳಿಗೆ ಆ ಅಲೆ ತಡೆಯುವ ಬೆರಳುದ್ದದ ರೆಸಿಸ್ಟರ್ ತುಂಡುಗಳನ್ನು ಕೂಡಿಸಿಕೊಟ್ಟ.

ಅಮಾವಾಸ್ಯೆಯ ಮುಂಜಾನೆ ಚಾವಡಿ ತುಂಬ ಜನ. ರೇಡಿಯೋದಲ್ಲಿ ಅಭಂಗ ನಡೆದಿತ್ತು. ಕಾಕಾ ಹ್ಯಾಂಡಲ್ ಹೊಡೆದರು. ಎಂಜಿನ್ ಗುರ್ರೆಂದಿತು. ಅಭಂಗ ಒಂದಕ್ಷರವೂ ಕೆಡದೆ ಸಾಗಿತು. ಪಾಟೀಲರು ರೇಡಿಯೋಕ್ಕೆ ಕಿವಿ ಹಚ್ಚಿದರು, ಗಾಡಿ ನೋಡಿದರು.

"ಚಾಲೂ ಐತೇನೋ, ಖರೇನ?"

"ಕೈ ಇಟ್ಟು ನೋಡ್ರಿ. ನನ್ನಂಗ ನಡಗಾಕತ್ತೈತಿ."

ಪಾಟೀಲರೇ ಮೊದಲು ನಕ್ಕರು. ನಾನು ಪುಸ್ತಕ ಅವಚಿಕೊಂಡು ಓಡಿಹೋಗಿ ನನ್ನ ಜಾಗದಲ್ಲಿ ಕೂತೆ. ಅದೇ ಜಾಗದಲ್ಲಿ ಕೂತು ಬಿ.ಎ. ಮುಗಿಸಿದೆ.

ಎಷ್ಟೋ ವರ್ಷಗಳ ಮೇಲೆ ಕಾಕಾ ತೀರಿಕೊಂಡರು. ಗೌರವಕ್ಕೆಂದು ಚಾವಡಿಯವರು ರೇಡಿಯೋ ಬಂದ್ ಮಾಡಿದಾಗ ಅವರ ಹೆಂಡತಿ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು, "ಹಚ್ಚರಿ ಅದನ್ನ. ಅದರ ಹಾಡು ಕೆಡಬಾರದಂತ ಎಷ್ಟ್ ಒದ್ದಾಡಿದ್ರು ಅವರು," ಎಂದರು.

ಹಾಡು ಹತ್ತಿತು. ಅಂದು ಗಾಡಿಗೆ ಕೊಟ್ಟ ಹೆಗಲನ್ನು ಅವರ ಚಟ್ಟಕ್ಕೆ ಕೊಟ್ಟೆ.